ಹೆಚ್ಚುವ ಕೈಗೆ ಎಚ್ಚರ

'ಕೈ ಕೆಸರಾದರೆ ಬಾಯಿ ಮೊಸರು' ಎಂಬ ಗಾದೆಯನ್ನು ಕೇಳದ ರೈತ ಕುಟುಂಬವಿಲ್ಲ. ಬೇಸಾಯದ ಎಲ್ಲ ಬಂಡವಾಳಕ್ಕೂ ಮೂಲ ಬಂಡವಾಳ ಕೈ. ಗುಳ ಸವೆದರೆ ಕಮ್ಮಾರನಲ್ಲಿಗೆ ಒಯ್ಯುತ್ತೇವೆ. ಪಂಪುಸೆಟ್ಟು ಕೆಟ್ಟರೆ ಅದೇ ದಿನ ದುರಸ್ತಿ ಮಾಡಿಸುತ್ತೇವೆ. ಹಸುವಿಗೆ ವಿಮೆ ಕಟ್ಟುತ್ತೇವೆ. ಆದರೆ ನಾಟಿ ಮಾಡುವ, ಕಳೆ ಕೀಳುವ, ಹಾಲು ಕರೆಯುವ ಹತ್ತು ಬೆರಳುಗಳ ವಿಷಯದಲ್ಲಿ ನಮಗೆ ಅಷ್ಟು ಕಾಳಜಿ ಇರುವುದಿಲ್ಲ.

ಕುಡುಗೋಲು, ಮಚ್ಚು ಹಿಡಿದಾಗ ಎಲ್ಲರೂ ಎಚ್ಚರದಿಂದ ಇರುತ್ತಾರೆ. ಅಡುಗೆಮನೆಯ ಈಳಿಗೆ ಮತ್ತು ಚಾಕುವಿನ ಮಾತು ಬೇರೆ. ಅವು ದಿನಕ್ಕೆ ಎರಡು ಮೂರು ಸಲ ಕೈಗೆ ಬರುತ್ತವೆ. ದಿನವೂ ಬಳಸುವುದರಿಂದಲೇ ಅವೂ ಆಯುಧಗಳೆಂಬುದು ಮರೆತುಹೋಗುತ್ತದೆ. ಒಲೆಯ ಮೇಲೆ ಬೇಳೆ ಉಕ್ಕುತ್ತಿರುತ್ತದೆ, ಕೊಟ್ಟಿಗೆಯಲ್ಲಿ ಕರು ಕೂಗುತ್ತಿರುತ್ತದೆ, ಹೊಲಕ್ಕೆ ಬುತ್ತಿ ಕಳಿಸುವ ಹೊತ್ತು ಮೀರುತ್ತಿರುತ್ತದೆ. ಈ ಅವಸರದಲ್ಲಿ ಈರುಳ್ಳಿಯ ಜೊತೆ ಬೆರಳೂ ಕೊಯ್ದುಕೊಳ್ಳುತ್ತದೆ. ಇದು ಹಣೆಬರಹವಲ್ಲ. ತರಕಾರಿ ಹೆಚ್ಚುವಾಗ ಆಗುವ ಗಾಯಗಳಿಗೆ ಗೊತ್ತಾದ ಕಾರಣಗಳಿವೆ. ಕೆಲವು ಸರಳ ರೂಢಿಗಳಿಂದ ಅವುಗಳಲ್ಲಿ ಬಹುಪಾಲನ್ನು ತಪ್ಪಿಸಬಹುದು.

ಗಾಯ ಚಿಕ್ಕದು, ಬಾಗಿಲು ದೊಡ್ಡದು

ಪಟ್ಟಣದಲ್ಲಿ ಕಚೇರಿ ಕೆಲಸ ಮಾಡುವವರ ಬೆರಳು ಕೊಯ್ದರೆ ಪಟ್ಟಿ ಕಟ್ಟಿಕೊಂಡು ನಾಲ್ಕು ದಿನ ಸುಮ್ಮನಿರಬಹುದು. ರೈತ ಮಹಿಳೆಗೆ ಆ ಸೌಕರ್ಯವಿಲ್ಲ. ಬೆಳಿಗ್ಗೆ ಬೆರಳು ಕೊಯ್ದ ಕೈಯೇ ಸ್ವಲ್ಪ ಹೊತ್ತಿನಲ್ಲಿ ಸಗಣಿ ಬಾಚುತ್ತದೆ, ಕೆಸರುಗದ್ದೆಗೆ ಇಳಿಯುತ್ತದೆ, ಗೊಬ್ಬರ ಎರಚುತ್ತದೆ. ಚರ್ಮ ನಮ್ಮ ದೇಹದ ಬೇಲಿ. ಅದರಲ್ಲಿ ಅರ್ಧ ಅಂಗುಲ ಸೀಳಿದರೂ ಒಳನುಗ್ಗಲು ಕಾದಿರುವ ರೋಗಗಳು ಹಲವು.

ಮೊದಲನೆಯದು ಧನುರ್ವಾಯು. ಇದರ ರೋಗಾಣುವಿನ ಬೀಜಕಣಗಳು ಮಣ್ಣಿನಲ್ಲಿ ಮತ್ತು ದನ, ಕುದುರೆ ಮೊದಲಾದ ಪ್ರಾಣಿಗಳ ಸಗಣಿ, ಲದ್ದಿಗಳಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ಎರಡನೆಯದು ಇಲಿ ಜ್ವರ. ಇಲಿ, ಹೆಗ್ಗಣಗಳ ಮೂತ್ರ ಬೆರೆತ ಗದ್ದೆ ನೀರಿನಲ್ಲಿ ಕೆಲಸ ಮಾಡುವಾಗ ಗಾಯದ ಮೂಲಕ ರೋಗಾಣು ಒಳಸೇರುತ್ತದೆ. ಕರಾವಳಿ, ಮಲೆನಾಡಿನ ರೈತರಿಗೆ ಈ ಜ್ವರ ಹೊಸದಲ್ಲ. ಮೂರನೆಯದು ಕಂದು ರೋಗ. ಗರ್ಭಪಾತವಾದ ಹಸುವಿನ ಸತ್ತೆ, ಕಸಗಳನ್ನು ಗಾಯದ ಕೈಯಿಂದ ಮುಟ್ಟಿದರೆ ಮನುಷ್ಯರಿಗೂ ಇದು ತಗಲುತ್ತದೆ. ಇಷ್ಟೇ ಅಲ್ಲದೆ ಕೀಟನಾಶಕಗಳೂ ಸೀಳಿದ ಚರ್ಮದ ಮೂಲಕ ಹೆಚ್ಚು ಬೇಗ ದೇಹ ಸೇರುತ್ತವೆ.

ಹಾನಿ ಹೊರಗಿನಿಂದ ಒಳಕ್ಕೆ ಮಾತ್ರ ಬರುವುದಿಲ್ಲ, ಒಳಗಿನಿಂದ ಹೊರಕ್ಕೂ ಹೋಗುತ್ತದೆ. ಕೀವು ತುಂಬಿದ ಬೆರಳಿನಲ್ಲಿರುವ ಸ್ಟೆಫಿಲೊಕಾಕಸ್ ಎಂಬ ಸೂಕ್ಷ್ಮಾಣು ಹಾಲು ಕರೆಯುವಾಗ ಮೊಲೆತೊಟ್ಟಿಗೆ ತಗುಲಿ ಕೆಚ್ಚಲು ಬಾವಿಗೆ ಕಾರಣವಾಗಬಹುದು. ಅದೇ ಸೂಕ್ಷ್ಮಾಣು ಅನ್ನ, ಪಾಯಸ, ಹಾಲಿನ ಪದಾರ್ಥಗಳಿಗೆ ಬಿದ್ದು, ಅವು ಗಂಟೆಗಟ್ಟಲೆ ಬೆಚ್ಚಗೆ ಉಳಿದರೆ ವಿಷ ಉತ್ಪತ್ತಿಯಾಗುತ್ತದೆ. ಆ ಮೇಲೆ ಎಷ್ಟು ಕುದಿಸಿದರೂ ಆ ವಿಷ ನಾಶವಾಗುವುದಿಲ್ಲ. ಆದ್ದರಿಂದ ಬೆರಳಿನಲ್ಲಿ ಕೀವಿದ್ದವರು ಗುಣವಾಗುವವರೆಗೆ ಹಾಲು ಕರೆಯಕೂಡದು, ಹಬ್ಬ ಮದುವೆಗಳ ಅಡುಗೆಗೆ ಕೈ ಹಾಕಕೂಡದು.

ಬೆರಳಿನ ಒಳಗೆ ಏನಿದೆ?

ಬೆರಳನ್ನು ಮಡಿಸುವ ಬಲವಾದ ಮಾಂಸಖಂಡಗಳು ಬೆರಳಿನಲ್ಲಿಲ್ಲ, ಮುಂಗೈಯಲ್ಲಿವೆ. ಅಲ್ಲಿಂದ ಹಗ್ಗದಂತಹ ಗಟ್ಟಿ ಎಳೆಗಳು ಅಂಗೈ ದಾಟಿ ಬೆರಳಿನ ತುದಿಯವರೆಗೆ ಬರುತ್ತವೆ. ಇವನ್ನು ಸ್ನಾಯುರಜ್ಜು ಎನ್ನುತ್ತಾರೆ. ಸೂತ್ರದ ಗೊಂಬೆಯ ದಾರ ಎಳೆದಂತೆ ಈ ರಜ್ಜುಗಳು ಬೆರಳನ್ನು ಮಡಿಸುತ್ತವೆ. ಹೆಬ್ಬೆರಳಿಗೆ ಇಂತಹ ಉದ್ದನೆಯ ರಜ್ಜು ಒಂದು, ಉಳಿದ ಬೆರಳುಗಳಿಗೆ ಎರಡೆರಡು. ಬೆರಳಿನ ಎರಡು ಮಗ್ಗುಲಿನಲ್ಲೂ ಒಂದೊಂದು ನರ ಮತ್ತು ರಕ್ತನಾಳ ಓಡುತ್ತವೆ. ಅಂಗೈ ಕಡೆಯ ಚರ್ಮದಿಂದ ಇವೆಲ್ಲ ಬಹಳ ಆಳದಲ್ಲಿಲ್ಲ.

ಆದುದರಿಂದ ಹೊರಗೆ ನೋಡಲು ಚಿಕ್ಕದಾಗಿರುವ ಗಾಯವೂ ಒಳಗೆ ರಜ್ಜನ್ನೋ ನರವನ್ನೋ ಕತ್ತರಿಸಿರಬಹುದು. ರಕ್ತ ನಿಂತು, ಚರ್ಮ ಕೂಡಿಕೊಂಡ ಮೇಲೆ ಬೆರಳಿನ ತುದಿ ಮಡಿಯುವುದಿಲ್ಲ ಎಂಬುದು ಗೊತ್ತಾಗುತ್ತದೆ. ಅಷ್ಟರಲ್ಲಿ ಕಡಿದ ರಜ್ಜಿನ ತುದಿ ಒಳಕ್ಕೆ ಸರಿದುಹೋಗಿ ಹೊಲಿಯುವುದು ಕಷ್ಟವಾಗುತ್ತದೆ. ಮಡಿಯದ ಒಂದು ಬೆರಳು ಸಾಕು, ಗುದ್ದಲಿಯ ಹಿಡಿ ಭದ್ರವಾಗಿ ನಿಲ್ಲುವುದಿಲ್ಲ, ಹಾಲು ಕರೆಯುವ ಕೈ ಬಲ ಕಳೆದುಕೊಳ್ಳುತ್ತದೆ.

ಪೆಟ್ಟು ಯಾವ ಕೈಗೆ?

ಚಾಕು ಹಿಡಿದ ಕೈಗೆ ಗಾಯವಾಗುವುದು ಅಪರೂಪ. ತರಕಾರಿ ಹಿಡಿದ ಕೈಗೇ ಪೆಟ್ಟು. ಬಲಗೈಯಲ್ಲಿ ಚಾಕು ಹಿಡಿಯುವವರ ಎಡಗೈ ತೋರುಬೆರಳು ಮತ್ತು ಹೆಬ್ಬೆರಳು ಹೆಚ್ಚಾಗಿ ಕೊಯ್ದುಕೊಳ್ಳುತ್ತವೆ. ಆದರೆ ನಾವು ಮಕ್ಕಳಿಗೆ ಕಲಿಸುವಾಗ ಚಾಕು ಹಿಡಿದ ಕೈಯನ್ನೇ ನೋಡುತ್ತಿರುತ್ತೇವೆ. ಮೊದಲು ಕಲಿಸಬೇಕಾದದ್ದು ಇನ್ನೊಂದು ಕೈಗೆ.

ಇನ್ನೊಂದು ತಪ್ಪು ತಿಳಿವಳಿಕೆ, ಹರಿತವಾದ ಚಾಕು ಅಪಾಯ, ಮೊಂಡು ಚಾಕು ಸುರಕ್ಷಿತ ಎಂಬುದು. ವಾಸ್ತವ ಇದಕ್ಕೆ ವಿರುದ್ಧ. ಹರಿತವಾದ ಅಲಗು ತರಕಾರಿಯ ಸಿಪ್ಪೆಯನ್ನು ಕೂಡಲೇ ಕಚ್ಚಿ ಹಿಡಿದು, ಸ್ವಲ್ಪ ಒತ್ತಡಕ್ಕೇ ಇಳಿಯುತ್ತದೆ. ಮೊಂಡು ಅಲಗು ಟೊಮೇಟೊ, ಈರುಳ್ಳಿಯ ನುಣುಪು ಸಿಪ್ಪೆಯ ಮೇಲೆ ಜಾರುತ್ತದೆ. ಇಳಿಯಲಿಲ್ಲವೆಂದು ನಾವು ಇನ್ನಷ್ಟು ಬಲ ಹಾಕುತ್ತೇವೆ. ಜಾರಿದಾಗ ಆ ಬಲವೆಲ್ಲ ಬೆರಳಿನ ಮೇಲೆ ಬೀಳುತ್ತದೆ. ಮೊಂಡು ಅಲಗಿನ ಗಾಯ ಅಂಕುಡೊಂಕಾಗಿ ಹರಿದು, ಮಾಯಲು ಹೆಚ್ಚು ದಿನ ಹಿಡಿಯುತ್ತದೆ.

ಈಳಿಗೆಯ ರೀತಿ ಬೇರೆ

ನಮ್ಮ ಹಳ್ಳಿಗಳಲ್ಲಿ ಈಳಿಗೆ ಮಣೆ ಇಂದಿಗೂ ಬಳಕೆಯಲ್ಲಿದೆ. ಕರಾವಳಿಯ ಕಡೆ ಇದನ್ನೇ ಮೆಟ್ಟುಕತ್ತಿ ಎನ್ನುತ್ತಾರೆ. ಚಾಕುವಿನಲ್ಲಿ ಅಲಗು ಚಲಿಸುತ್ತದೆ, ತರಕಾರಿ ನಿಂತಿರುತ್ತದೆ. ಈಳಿಗೆಯಲ್ಲಿ ಅಲಗು ನಿಂತಿರುತ್ತದೆ, ಎರಡು ಕೈಗಳೂ ಅದರ ಕಡೆಗೆ ಚಲಿಸುತ್ತವೆ. ಗಟ್ಟಿಯಾದ ಕಾಯಿ ಥಟ್ಟನೆ ಸೀಳಿದಾಗ ಕೈಗಳು ನಿಲ್ಲದೆ ಮುಂದಕ್ಕೆ ಹೋಗುತ್ತವೆ. ಆದ್ದರಿಂದ ಈಳಿಗೆಗೆ ಬೇರೆಯೇ ಆದ ಎಚ್ಚರಿಕೆಗಳು ಬೇಕು.

1. ಸಮನಾದ, ಒಣಗಿದ ನೆಲದ ಮೇಲೆ ಕುಳಿತು ಮಣೆಯನ್ನು ಕಾಲಿನಿಂದ ಗಟ್ಟಿಯಾಗಿ ಮೆಟ್ಟಿ ಹಿಡಿಯಬೇಕು. ಮಣೆ ಅಲುಗುತ್ತಿದ್ದರೆ ಅಡಿಗೆ ಗೋಣಿತಾಟಿನ ತುಂಡು ಹಾಕಬೇಕು.

2. ಅಲಗು ಮಣೆಗೆ ಸೇರುವ ಕಡೆ ಮೊಳೆ, ತಿರುಪು ಸಡಿಲವಾಗಿದ್ದರೆ ಕೂಡಲೇ ಬಿಗಿ ಮಾಡಿಸಬೇಕು. ಮಡಿಸುವ ಈಳಿಗೆಯಲ್ಲಿ ಇದು ಇನ್ನೂ ಮುಖ್ಯ.

3. ಅಲಗು ಹಾಯುವ ಗೆರೆಯ ಎರಡು ಮಗ್ಗುಲಿಗೂ ಬೆರಳುಗಳಿರಲಿ; ಗೆರೆಯ ಮೇಲೆ ಒಂದೂ ಬೇಡ.

4. ಗಟ್ಟಿ ಕಾಯಿಯನ್ನು ಒಂದೇ ಎಳೆತಕ್ಕೆ ನೂಕದೆ, ಮೇಲೆ ಕೆಳಗೆ ಆಡಿಸುತ್ತ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು.

5. ಸೊಪ್ಪು, ಹುರುಳಿಕಾಯಿ, ಗೋರಿಕಾಯಿಗಳನ್ನು ಹಿಡಿಗಟ್ಟಿ ಹೆಚ್ಚುವಾಗ ಕೊನೆಯ ಎರಡು ಬೆರಳಗಲ ಉಳಿದಾಗ ನಿಲ್ಲಿಸಬೇಕು. ಈ ತುಂಡುಗಳ ಆಸೆಗೇ ಹೆಚ್ಚಿನ ಬೆರಳುಗಳು ಕೊಯ್ದುಕೊಳ್ಳುತ್ತವೆ. ಉಳಿದದ್ದನ್ನು ಕೈಯಿಂದ ಮುರಿದು ಹಾಕಿ, ಇಲ್ಲವೆ ದನದ ಪಾಲೆಂದು ತಿಳಿಯಿರಿ.

6. ಯಾರಾದರೂ ಕರೆದರೆ, ಫೋನು ಬಂದರೆ, ಹಾಲು ಉಕ್ಕಿದರೆ ಮೊದಲು ಈಳಿಗೆಯನ್ನು ಮಡಿಸಿ, ಇಲ್ಲವೆ ಮಗ್ಗುಲಾಗಿ ಮಲಗಿಸಿ ಅಲಗನ್ನು ಗೋಡೆಯ ಕಡೆಗೆ ತಿರುಗಿಸಿ, ಅನಂತರ ಏಳಬೇಕು. ನಿಂತ ಈಳಿಗೆಯನ್ನು ಎಂದೂ ದಾಟಕೂಡದು.

ಅಡಿಕೆ ಸೀಮೆಯಲ್ಲಿ ಮೆಟ್ಟುಕತ್ತಿಯಿಂದ ಹಸಿ ಅಡಿಕೆ ಸುಲಿಯುವವರಿಗೂ ಇವೇ ಮಾತು ಅನ್ವಯಿಸುತ್ತದೆ. ಸುಗ್ಗಿಯ ದಿನಗಳಲ್ಲಿ ರಾತ್ರಿ ಬಹಳ ಹೊತ್ತಿನವರೆಗೆ ಸುಲಿತ ನಡೆಯುವುದರಿಂದ ನಿದ್ದೆ ಮತ್ತು ಮಂದ ಬೆಳಕು ಎರಡೂ ಶತ್ರುಗಳು. ಬೆಳಕು ಬೆನ್ನ ಹಿಂದಿನಿಂದ ಬಂದರೆ ನಮ್ಮ ನೆರಳೇ ಅಲಗಿನ ಮೇಲೆ ಬೀಳುತ್ತದೆ. ದೀಪ ಎದುರಿಗೋ ಪಕ್ಕಕ್ಕೋ ಇರಲಿ. ಕಣ್ಣು ಕೂರಲು ಆರಂಭಿಸಿದರೆ ಆ ದಿನದ ಸುಲಿತ ಮುಗಿಯಿತೆಂದು ಏಳುವುದೇ ಲೇಸು.

ಚಾಕು ಹಿಡಿಯುವ ಕ್ರಮ

ಚಾಕುವಿನಿಂದ ಹೆಚ್ಚುವವರು ಅಂಗೈಯನ್ನೇ ಮಣೆ ಮಾಡಿಕೊಳ್ಳುವ ರೂಢಿಯನ್ನು ಬಿಡಬೇಕು. ಎಡಗೈಯಲ್ಲಿ ಬದನೆಕಾಯಿ ಹಿಡಿದು ಹೆಬ್ಬೆರಳಿನ ಕಡೆಗೆ ಚಾಕು ಎಳೆಯುವುದು ಬಹು ಮನೆಗಳಲ್ಲಿ ಕಾಣುವ ಅಭ್ಯಾಸ. ಚಾಕು ಹೊಸದಾಗಿ ಸಾಣೆ ಹಿಡಿಸಿಕೊಂಡು ಬಂದ ದಿನ ಈ ಅಭ್ಯಾಸವೇ ಮುಳುವಾಗುತ್ತದೆ. ಹೆಚ್ಚಲು ಮರದ ಅಥವಾ ಪ್ಲಾಸ್ಟಿಕ್ಕಿನ ಹಲಗೆಯೊಂದು ಇರಲಿ. ಹಲಗೆಯ ಕೆಳಗೆ ಒದ್ದೆ ಬಟ್ಟೆ ಹಿಂಡಿ ಹಾಸಿದರೆ ಅದು ಜಾರುವುದಿಲ್ಲ. ಕಲ್ಲುಕಟ್ಟೆಯ ಮೇಲೆ, ಸ್ಟೀಲು ತಟ್ಟೆಯ ಮೇಲೆ ಹೆಚ್ಚಿದರೆ ಅಲಗು ಬೇಗ ಮೊಂಡಾಗುತ್ತದೆ, ಜಾರುತ್ತದೆ ಕೂಡ.

ಚಾಕುವಿನ ಅಲಗು ಹಿಡಿಗೆ ಸೇರುವ ಕಡೆ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಅದರ ಎರಡು ಮಗ್ಗುಲನ್ನು ಹಿಡಿದು, ಉಳಿದ ಮೂರು ಬೆರಳುಗಳಿಂದ ಹಿಡಿಯನ್ನು ಸುತ್ತಬೇಕು. ಹೀಗೆ ಹಿಡಿದರೆ ಅಲಗು ಅತ್ತಿತ್ತ ಹೊರಳುವುದಿಲ್ಲ.

ತರಕಾರಿ ಹಿಡಿದ ಕೈ ಬೆಕ್ಕು ಪಂಜ ಮಡಿಸಿಕೊಂಡ ಹಾಗೆ ಇರಬೇಕು. ಬೆರಳ ತುದಿಗಳು ಒಳಕ್ಕೆ ಮಡಿಸಿರಲಿ, ಗೆಣ್ಣುಗಳು ಮುಂದಿರಲಿ, ಹೆಬ್ಬೆರಳು ಉಳಿದ ಬೆರಳುಗಳ ಹಿಂದೆ ಅಡಗಿರಲಿ. ಚಾಕುವಿನ ಮಗ್ಗುಲು ನಡುಬೆರಳಿನ ಗೆಣ್ಣಿಗೆ ತಾಗುತ್ತ ಮೇಲೆ ಕೆಳಗೆ ಆಡಬೇಕು. ಅಲಗಿನ ಬಾಯಿ ಗೆಣ್ಣಿಗಿಂತ ಮೇಲೆ ಏಳಕೂಡದು. ಪ್ರತಿ ಹೋಳಿಗೂ ಬೆರಳುಗಳು ಸ್ವಲ್ಪ ಹಿಂದೆ ಸರಿಯಬೇಕು. ಮೊದಮೊದಲು ಇದು ನಿಧಾನವೆನಿಸುತ್ತದೆ. ದಿನವೂ ಮಾಡುತ್ತಿದ್ದರೆ ಕೈಗೆ ಒಗ್ಗುತ್ತದೆ, ಆ ಮೇಲೆ ಹೋಳುಗಳೂ ಒಂದೇ ಅಳತೆಗೆ ಬೀಳುತ್ತವೆ.

ಕೈ ಜಾರಿ ಬೀಳುವ ಚಾಕುವನ್ನು ಹಿಡಿಯಲು ಹೋಗಬಾರದು. ಕಾಲು ಹಿಂದಕ್ಕೆ ಎಳೆದುಕೊಂಡು ಅದು ಬೀಳಲಿ ಎಂದು ಬಿಡಬೇಕು. ಚಾಕು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ಹಿರಿಯರು ಹೇಳುವುದುಂಟು. ಜಗಳದ ಮಾತು ಹೇಗೇ ಇರಲಿ, ಕೆಳಗಿಟ್ಟು ಇನ್ನೊಬ್ಬರು ತೆಗೆದುಕೊಳ್ಳುವುದು ಬೆರಳಿಗೆ ಒಳ್ಳೆಯದು.

ಕಾಯಿಗೆ ತಕ್ಕ ಕ್ರಮ

ಈರುಳ್ಳಿ, ಆಲೂಗೆಡ್ಡೆ, ಬೀಟ್‌ರೂಟ್: ಉರುಳುವ ಯಾವುದೇ ಕಾಯಿಗೆ ಮೊದಲು ಒಂದು ತಳ ಮಾಡಬೇಕು. ನಡುವೆ ಸೀಳಿ, ಚಪ್ಪಟೆ ಭಾಗವನ್ನು ಹಲಗೆಗೆ ತಾಗಿಸಿ ಕೂರಿಸಿದರೆ ಅದು ಅಲುಗದು. ಈರುಳ್ಳಿಯ ಜೀವಕೋಶಗಳು ಜಜ್ಜಿದಾಗ ಕಣ್ಣು ಉರಿಸುವ ಆವಿ ಏಳುತ್ತದೆ. ಹರಿತವಾದ ಅಲಗು ಕಡಿಮೆ ಜಜ್ಜುವುದರಿಂದ ಕಣ್ಣೀರೂ ಕಡಿಮೆ. ಕಣ್ಣು ಮಂಜಾದಾಗ ಚಾಕು ಕೆಳಗಿಡಬೇಕು.

ಕುಂಬಳ, ಬೂದುಗುಂಬಳ: ಚಾಕುವಿನ ಮೊನೆ ಚುಚ್ಚಿ ತಿರುಚುವುದು ಅತ್ಯಂತ ಅಪಾಯದ ಕೆಲಸ. ಇಡೀ ಕಾಯಿಯನ್ನು ಗೋಣಿಯ ಮೇಲಿಟ್ಟು ಭಾರದ ಕತ್ತಿಯಿಂದ ಎರಡು ಹೋಳು ಮಾಡಿ, ಅನಂತರ ಈಳಿಗೆಗೆ ತರಬೇಕು. ಮನೆಯಲ್ಲಿ ತೋಳ್ಬಲ ಇದ್ದವರು ಈ ಕೆಲಸ ಮಾಡಿಕೊಡಲಿ.

ಹಲಸು, ಸುವರ್ಣಗೆಡ್ಡೆ: ಹಲಸಿನ ಮೇಣ ಅಂಟದಂತೆ ಅಲಗಿಗೆ ಮತ್ತು ಕೈಗೆ ಎಣ್ಣೆ ಹಚ್ಚುತ್ತೇವೆ. ಸುವರ್ಣಗೆಡ್ಡೆಯಲ್ಲಿ ಸೂಜಿಯಂತಹ ಆಕ್ಸಲೇಟ್ ಹರಳುಗಳಿದ್ದು ತುರಿಕೆ ಆಗುವುದರಿಂದ ಅಲ್ಲಿಯೂ ಎಣ್ಣೆ. ಆದರೆ ಎಣ್ಣೆಯ ಕೈಯಲ್ಲಿ ಚಾಕುವಿನ ಹಿಡಿ ಜಾರುತ್ತದೆ. ಹಿಡಿಯುವ ಅಂಗೈಯನ್ನೂ ಚಾಕುವಿನ ಹಿಡಿಯನ್ನೂ ಒಣಬಟ್ಟೆಯಿಂದ ಒರೆಸಿಕೊಂಡೇ ಕೆಲಸ ಮುಂದುವರಿಸಬೇಕು. ಗೆಡ್ಡೆಯನ್ನು ಗೋಣಿ ತುಂಡಿನಿಂದ ಹಿಡಿಯುವುದು ಉತ್ತಮ.

ತೆಂಗಿನಕಾಯಿ: ಕಾಯಿಯನ್ನು ಅಂಗೈಯಲ್ಲಿಟ್ಟು ಕತ್ತಿಯ ಬಾಯಿಂದ ಹೊಡೆಯಕೂಡದು. ಕತ್ತಿಯ ಬೆನ್ನಿನಿಂದ ಹೊಡೆಯಿರಿ, ಇಲ್ಲವೆ ಕಲ್ಲಿಗೆ ಹೊಡೆದು ಒಡೆಯಿರಿ. ಕರಟದಿಂದ ತಿರುಳನ್ನು ಚಾಕುವಿನ ಮೊನೆಯಿಂದ ಮೀಟುವಾಗ ಅದು ಜಾರಿ ಅಂಗೈಗೆ ನಾಟುತ್ತದೆ. ಹೀಗೆ ಆಗುವ ಗಾಯಗಳು ಆಳವಾದವು. ಕರಟವನ್ನು ಕೆಂಡದ ಮೇಲೆ ಸ್ವಲ್ಪ ಬಿಸಿ ಮಾಡಿದರೆ ತಿರುಳು ಸಡಿಲವಾಗುತ್ತದೆ. ಆಗ ಮೊಂಡು ತುದಿಯ ಚಮಚದಿಂದಲೇ ಬಿಡಿಸಬಹುದು.

ಬೆಲ್ಲ: ಅಚ್ಚುಬೆಲ್ಲವನ್ನು ಚಾಕುವಿನಿಂದ ಕೆತ್ತುವ ಬದಲು ಬಟ್ಟೆಯಲ್ಲಿ ಸುತ್ತಿ ಗುಂಡುಕಲ್ಲಿನಿಂದ ಜಜ್ಜುವುದು ಸುಲಭ, ಅಪಾಯವೂ ಇಲ್ಲ.

ಸಾಣೆ ಹಿಡಿಯುವ ವಿಧಾನ

ಮನೆಯಲ್ಲಿ ಒಂದು ಸಾಣೆಕಲ್ಲು ಇರಲಿ. ಒಂದು ಮುಖ ಒರಟು, ಇನ್ನೊಂದು ನಯವಾಗಿರುವ ಕಲ್ಲು ಉತ್ತಮ. ಕಲ್ಲನ್ನು ನೀರಿನಿಂದ ನೆನೆಸಿ, ಒದ್ದೆ ಬಟ್ಟೆಯ ಮೇಲಿಡಬೇಕು. ಅಲಗನ್ನು ಪೂರ್ತಿ ಮಲಗಿಸಿದರೂ ಆಗದು, ಪೂರ್ತಿ ನಿಲ್ಲಿಸಿದರೂ ಆಗದು. ಸುಮಾರು 20 ಡಿಗ್ರಿ ಓರೆ ಇರಬೇಕು. ಇದಕ್ಕೆ ಸುಲಭ ಲೆಕ್ಕವುಂಟು. ಅಲಗಿನ ಅಗಲ 3 ಸೆಂಟಿಮೀಟರ್ ಇದ್ದರೆ ಅದರ ಬೆನ್ನು ಕಲ್ಲಿನಿಂದ 1 ಸೆಂಟಿಮೀಟರ್ ಮೇಲಿರಲಿ, ಅಂದರೆ ಅಗಲದ ಮೂರನೆಯ ಒಂದು ಭಾಗ.

ಹಿಡಿಯ ಕಡೆಯಿಂದ ಮೊನೆಯವರೆಗೂ ಒಂದೇ ಓರೆಯಲ್ಲಿ, ಹಗುರ ಒತ್ತಡದಲ್ಲಿ ಒಂದು ಮಗ್ಗುಲಿಗೆ ಹತ್ತು ಸಲ, ಇನ್ನೊಂದಕ್ಕೆ ಹತ್ತು ಸಲ ಎಳೆಯಬೇಕು. ಮೊದಲು ಒರಟು ಮುಖದಲ್ಲಿ, ಆ ಮೇಲೆ ನಯ ಮುಖದಲ್ಲಿ. ಹರಿತವನ್ನು ಬೆರಳಿನಿಂದ ನೋಡಕೂಡದು. ತೆಳು ಕಾಗದದ ಅಂಚನ್ನು ಕೊಯ್ಯಿಸಿ, ಅಥವಾ ಮಾಗಿದ ಟೊಮೇಟೊ ಮೇಲೆ ಒತ್ತದೆ ಎಳೆದು ನೋಡಿ.

ಈಳಿಗೆಯ ಬಾಗಿದ ಅಲಗನ್ನು ಸಾಣೆ ಹಿಡಿಯುವವರಿಂದ ಅಥವಾ ಕಮ್ಮಾರನಿಂದ ಮಾಡಿಸುವುದು ಲೇಸು. ತಿರುಗುವ ಚಕ್ರಕ್ಕೆ ಹಿಡಿಯುವಾಗ ಅಲಗನ್ನು ಆಗಾಗ ನೀರಿನಲ್ಲಿ ಅದ್ದಲು ಹೇಳಿ. ಅಲಗಿನ ಬಾಯಿ ನೀಲಿಗಟ್ಟಿದರೆ ಉಕ್ಕಿನ ಹದ ಹೋಯಿತೆಂದೇ ಅರ್ಥ; ಮತ್ತೆ ಹರಿತ ನಿಲ್ಲದು. ಸಾಣೆ ಹಿಡಿದ ದಿನ ಮನೆಯವರಿಗೆಲ್ಲ ಒಂದು ಮಾತು ತಿಳಿಸಿರಿ. ಮೊಂಡು ಚಾಕುವಿಗೆ ಬಲ ಹಾಕಿ ರೂಢಿಯಾದ ಕೈ ಹರಿತವಾದ ಚಾಕುವಿಗೂ ಅದೇ ಬಲ ಹಾಕುತ್ತದೆ.

ತೊಳೆಯುವಾಗ, ಇಡುವಾಗ

ಕೊಯ್ದ ಬೆರಳುಗಳೆಲ್ಲ ಹೆಚ್ಚುವಾಗಲೇ ಕೊಯ್ದವಲ್ಲ. ಮುಸುರೆ ಪಾತ್ರೆಗಳ ನಡುವೆ, ಸೋಪು ನೊರೆಯ ಅಡಿಯಲ್ಲಿ ಅಡಗಿದ ಚಾಕುವಿನಿಂದಲೂ ಗಾಯವಾಗುತ್ತದೆ. ಹೆಚ್ಚಿದ ಕೂಡಲೇ ಚಾಕುವನ್ನು ಬೇರೆಯಾಗಿ ತೊಳೆದು, ಬೆನ್ನಿನ ಕಡೆಯಿಂದ ಬಟ್ಟೆ ಹಿಡಿದು ಒರೆಸಬೇಕು. ಉಕ್ಕಿನ ಅಲಗಾದರೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿದರೆ ತುಕ್ಕು ಹಿಡಿಯುವುದಿಲ್ಲ.

ಚಾಕುವಿಗೆ ಒರೆ ಬೇಕೆಂದರೆ ಅಂಗಡಿಗೆ ಹೋಗಬೇಕಾಗಿಲ್ಲ. ಹನಿ ನೀರಾವರಿಗೆ ಬಳಸಿ ಬಿಸಾಡಿದ 16 ಮಿ.ಮೀ. ಪೈಪಿನ ತುಂಡನ್ನು ತೊಳೆದು, ಕತ್ತರಿಯಿಂದ ಉದ್ದಕ್ಕೆ ಸೀಳಿ ಅಲಗಿನ ಬಾಯಿಗೆ ತೊಡಿಸಿದರೆ ಸಾಕು. ಈಳಿಗೆಯ ಬಾಯಿಗೂ ಇದನ್ನೇ ತೊಡಿಸಬಹುದು. ರಾಸಾಯನಿಕ ಹಾಯಿಸಿದ ಪೈಪನ್ನು ಮಾತ್ರ ಇದಕ್ಕೆ ಬಳಸಬೇಡಿ. ಅಂಬೆಗಾಲಿಡುವ ಮಕ್ಕಳಿರುವ ಮನೆಯಲ್ಲಿ ಈಳಿಗೆಯನ್ನು ಎತ್ತರದ ಗೂಟಕ್ಕೆ ತೂಗುಹಾಕಬೇಕು.

ಗಾಯವಾದರೆ ಏನು ಮಾಡಬೇಕು?

ಇಷ್ಟೆಲ್ಲ ಎಚ್ಚರವಿದ್ದರೂ ಒಮ್ಮೊಮ್ಮೆ ಗಾಯವಾಗುತ್ತದೆ. ಚಿಕ್ಕ ಗಾಯವನ್ನು ಕೂಡಲೇ ಹರಿಯುವ ಶುದ್ಧ ನೀರು ಮತ್ತು ಸೋಪಿನಿಂದ ಚೆನ್ನಾಗಿ ತೊಳೆಯಬೇಕು. ಉಂಗುರವಿದ್ದರೆ ಬೆರಳು ಊದುವ ಮೊದಲೇ ತೆಗೆಯಬೇಕು. ಒಗೆದು ಒಣಗಿಸಿದ ಬಟ್ಟೆಯನ್ನು ಗಾಯದ ಮೇಲಿಟ್ಟು ಒತ್ತಿ ಹಿಡಿದು, ಕೈಯನ್ನು ಎದೆಗಿಂತ ಎತ್ತರದಲ್ಲಿಡಬೇಕು. ಗಡಿಯಾರ ನೋಡಿಕೊಂಡು ಪೂರ್ತಿ 10 ನಿಮಿಷ ಒತ್ತಿರಿ. ರಕ್ತ ನಿಂತಿತೇ ಎಂದು ನಡುನಡುವೆ ಬಟ್ಟೆ ಎತ್ತಿ ನೋಡಿದರೆ ಆಗ ತಾನೆ ಹೆಪ್ಪುಗಟ್ಟಿದ್ದು ಕಿತ್ತುಬರುತ್ತದೆ. ರಕ್ತ ಜೋರಾಗಿ ಸುರಿಯುತ್ತಿದ್ದರೆ ತೊಳೆಯುತ್ತ ಕೂರದೆ ಮೊದಲು ಒತ್ತಿ ಹಿಡಿಯಬೇಕು.

ಕಾಫಿಪುಡಿ, ಸುಣ್ಣ, ನಶ್ಯ, ಬೂದಿ, ಜೇಡರ ಬಲೆ ಮೊದಲಾದವನ್ನು ಮೆತ್ತುವ ಪದ್ಧತಿ ಹಲವು ಕಡೆ ಇದೆ. ರಕ್ತ ನಿಂತದ್ದು ಇವುಗಳಿಂದಲ್ಲ, ಮೆತ್ತುವಾಗ ಒತ್ತಿ ಹಿಡಿದದ್ದರಿಂದ. ಇವು ಗಾಯದೊಳಗೆ ಕೊಳೆಯನ್ನು ಸೇರಿಸುತ್ತವೆ. ವೈದ್ಯರಿಗೆ ಗಾಯದ ಆಳ ಕಾಣದಂತೆ ಮಾಡುತ್ತವೆ. ಅಡುಗೆಮನೆಯ ಡಬ್ಬಿಯ ಅರಿಸಿನವೂ ರೋಗಾಣುರಹಿತವಲ್ಲ. ಬೆರಳಿನ ಬುಡಕ್ಕೆ ದಾರ, ರಬ್ಬರ್ ಬ್ಯಾಂಡ್ ಬಿಗಿಯುವುದಂತೂ ಸರ್ವಥಾ ಕೂಡದು. ಬಿಗಿದು ಮರೆತರೆ ಬೆರಳೇ ಸಾಯಬಹುದು.

ರಕ್ತ ನಿಂತ ಮೇಲೆ ಶುಭ್ರವಾದ ಪಟ್ಟಿ ಕಟ್ಟಿ. ಅದು ಒದ್ದೆಯಾದಾಗ, ಕೊಳೆಯಾದಾಗ ಬದಲಿಸಿ. ಗಾಯ ಮಾಯುವವರೆಗೆ ಸಗಣಿ, ಕೆಸರು, ಔಷಧಿ ಸಿಂಪರಣೆಯ ಕೆಲಸಗಳನ್ನು ಮನೆಯ ಇನ್ನೊಬ್ಬರು ವಹಿಸಿಕೊಳ್ಳಲಿ. ಅನಿವಾರ್ಯವಾದರೆ ಪಟ್ಟಿಯ ಮೇಲೆ ರಬ್ಬರು ಕೈಚೀಲ ಹಾಕಿಕೊಳ್ಳಬೇಕು.

ಆಸ್ಪತ್ರೆಗೆ ಯಾವಾಗ?

ಈ ಕೆಳಗಿನ ಯಾವ ಲಕ್ಷಣ ಕಂಡರೂ ಮನೆಮದ್ದಿನಲ್ಲಿ ಕಾಲ ಕಳೆಯಬಾರದು:

* 10-15 ನಿಮಿಷ ಒತ್ತಿದರೂ ರಕ್ತ ನಿಲ್ಲದಿದ್ದರೆ.
* ಗಾಯದ ಬಾಯಿ ತೆರೆದುಕೊಂಡಿದ್ದರೆ, ಅಥವಾ ಒಳಗೆ ಬೆಳ್ಳಗಿನ ರಜ್ಜು, ಮೂಳೆ ಕಂಡರೆ.
* ಬೆರಳಿನ ಪ್ರತಿಯೊಂದು ಗೆಣ್ಣನ್ನೂ ಮಡಿಸಲು, ಚಾಚಲು ಆಗದಿದ್ದರೆ.
* ಬೆರಳಿನ ಒಂದು ಮಗ್ಗುಲು ಜೋಮು ಹಿಡಿದಂತೆ ಇದ್ದರೆ, ಅಥವಾ ತುದಿ ಬಿಳಿಚಿಕೊಂಡಿದ್ದರೆ.
* ಮುಂದಿನ ದಿನಗಳಲ್ಲಿ ಗಾಯ ಕೆಂಪಾಗಿ ಊದಿ ಮಿಡಿಯತೊಡಗಿದರೆ, ಕೀವಾದರೆ, ಜ್ವರ ಬಂದರೆ. ಇಡೀ ಬೆರಳು ಊದಿ, ಅರ್ಧ ಮಡಿಸಿದಂತೆ ನಿಂತು, ಚಾಚಿದರೆ ಪ್ರಾಣ ಹೋಗುವಷ್ಟು ನೋವಾದರೆ ಅದೇ ದಿನ ಆಸ್ಪತ್ರೆ ಸೇರಬೇಕು.

ಸಕ್ಕರೆ ಕಾಯಿಲೆ ಇದ್ದವರಲ್ಲಿ ಗಾಯ ನಿಧಾನವಾಗಿ ಮಾಯುತ್ತದೆ, ಬೇಗ ಕೀವಾಗುತ್ತದೆ. ಅವರು ಚಿಕ್ಕ ಗಾಯವನ್ನೂ ಕಡೆಗಣಿಸಬಾರದು.

ಬೆರಳು ತುಂಡಾಗಿ ಬೇರೆಯಾದರೂ ಎಲ್ಲ ಮುಗಿಯಿತೆಂದು ತಿಳಿಯಬೇಕಾಗಿಲ್ಲ. 1965ರಲ್ಲಿ ಜಪಾನಿನ ನಾರಾದಲ್ಲಿ ಶಸ್ತ್ರವೈದ್ಯರು ಸೂಕ್ಷ್ಮದರ್ಶಕದ ಸಹಾಯದಿಂದ ಪೂರ್ತಿ ತುಂಡಾದ ಹೆಬ್ಬೆರಳನ್ನು ಮತ್ತೆ ಜೋಡಿಸಿದರು. ಇಂದು ನಮ್ಮ ದೊಡ್ಡ ನಗರಗಳ ಆಸ್ಪತ್ರೆಗಳಲ್ಲಿಯೂ ಈ ಚಿಕಿತ್ಸೆ ದೊರೆಯುತ್ತದೆ. ಆದರೆ ತುಂಡನ್ನು ಒಯ್ಯುವ ಕ್ರಮ ಗೊತ್ತಿರಬೇಕು. ತುಂಡಾದ ಭಾಗವನ್ನು ಶುದ್ಧ ನೀರಿನಲ್ಲಿ ಮೆಲ್ಲಗೆ ತೊಳೆದು, ಹಿಂಡಿದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ನೀರು ಹೋಗದಂತೆ ಬಾಯಿ ಕಟ್ಟಬೇಕು. ಆ ಚೀಲವನ್ನು ಮಂಜುಗಡ್ಡೆ ಮತ್ತು ನೀರು ಬೆರೆಸಿದ ಇನ್ನೊಂದು ಪಾತ್ರೆಯಲ್ಲಿಡಬೇಕು. ಬೆರಳು ನೇರವಾಗಿ ಮಂಜುಗಡ್ಡೆಗೆ ತಾಗಿದರೆ ಕೆಟ್ಟುಹೋಗುತ್ತದೆ. ತಣ್ಣಗಿಟ್ಟರೆ ಸಮಯ ಉಳಿಯುತ್ತದೆ, ಆದರೂ ಒಂದೊಂದು ಗಂಟೆಯೂ ಅಮೂಲ್ಯ. ಕರ್ನಾಟಕದಲ್ಲಿ 2008ರ ನವೆಂಬರಿನಿಂದ ನಡೆಯುತ್ತಿರುವ 108 ಆಂಬುಲೆನ್ಸ್ ಸೇವೆಯನ್ನು ಇಂಥ ವೇಳೆಯಲ್ಲಿ ಕರೆಯಿಸಿಕೊಳ್ಳಬಹುದು.

ಧನುರ್ವಾಯು ಲಸಿಕೆ

ಧನುರ್ವಾಯುವಿನ ಲಕ್ಷಣಗಳು ಸಾಮಾನ್ಯವಾಗಿ ಗಾಯವಾದ 3 ರಿಂದ 21 ದಿನಗಳೊಳಗೆ ಕಾಣಿಸಿಕೊಳ್ಳುತ್ತವೆ. ಅಷ್ಟರಲ್ಲಿ ಗಾಯ ಮಾಯ್ದು ಮರೆತೇ ಹೋಗಿರಬಹುದು. ದವಡೆ ಬಿಗಿಯುವುದು, ನುಂಗಲು ಕಷ್ಟವಾಗುವುದು, ಕತ್ತು ಬೆನ್ನು ಸೆಟೆಯುವುದು ಇದರ ಗುರುತು. 2015ರಲ್ಲಿ ಭಾರತದಲ್ಲಿ ಬಾಣಂತಿಯರ ಮತ್ತು ನವಜಾತ ಶಿಶುಗಳ ಧನುರ್ವಾಯು ನಿವಾರಣೆಯಾಯಿತೆಂದು ಘೋಷಿಸಲಾಯಿತು. ಲಸಿಕೆ ಮತ್ತು ಶುಭ್ರ ಹೆರಿಗೆಯಿಂದ ಬಂದ ಫಲವಿದು. ಆದರೆ ರೋಗಾಣು ನಮ್ಮ ಹೊಲದ ಮಣ್ಣಿನಿಂದ ಎಲ್ಲಿಗೂ ಹೋಗಿಲ್ಲ. ಇದು ಒಬ್ಬರಿಂದೊಬ್ಬರಿಗೆ ಹರಡುವ ರೋಗವಲ್ಲ; ಊರಿನವರೆಲ್ಲ ಚುಚ್ಚಿಸಿಕೊಂಡರೂ ಚುಚ್ಚಿಸಿಕೊಳ್ಳದ ಒಬ್ಬರಿಗೆ ರಕ್ಷಣೆ ಸಿಗದು.

ಹೆಂಗಸರಿಗೆ ಬಸಿರಿನ ವೇಳೆ ಈ ಚುಚ್ಚುಮದ್ದು ಆಗಿರುತ್ತದೆ. ವಯಸ್ಸಾದ ಗಂಡಸರಲ್ಲಿ ಎಷ್ಟೋ ಜನಕ್ಕೆ ಕೊನೆಯದಾಗಿ ಯಾವಾಗ ಚುಚ್ಚಿಸಿಕೊಂಡೆವೆಂಬ ನೆನಪೇ ಇರುವುದಿಲ್ಲ. ಮೊದಲಿನ ಮೂರು ಚುಚ್ಚುಮದ್ದುಗಳನ್ನು ಪೂರ್ತಿಗೊಳಿಸಿದವರಿಗೆ ಶುಭ್ರವಾದ ಚಿಕ್ಕ ಗಾಯವಾದರೆ, ಹಿಂದಿನ ಚುಚ್ಚುಮದ್ದಾಗಿ 10 ವರ್ಷ ಕಳೆದಿದ್ದರೆ ಮಾತ್ರ ಮತ್ತೊಂದು ಬೇಕಾಗುತ್ತದೆ. ಮಣ್ಣು, ಸಗಣಿ ಸೋಕಿದ ಅಥವಾ ಆಳವಾದ ಗಾಯಕ್ಕೆ 5 ವರ್ಷ ಕಳೆದಿದ್ದರೂ ಬೇಕು. ಈಗ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಟಿ.ಟಿ. ಬದಲು ಗಳಚರ್ಮ ರೋಗಕ್ಕೂ ರಕ್ಷಣೆ ಕೊಡುವ ಟಿ.ಡಿ. ಚುಚ್ಚುಮದ್ದು ಬಂದಿದೆ. ಚುಚ್ಚಿಸಿಕೊಂಡ ತಾರೀಖನ್ನು ಬರೆದು, ಹಸುವಿನ ವಿಮೆ ಕಾಗದ ಇಡುವ ಕಡೆಯಲ್ಲೇ ಜೋಪಾನವಾಗಿಡಿ. ಚುಚ್ಚುಮದ್ದು ಕೀವಾಗುವುದನ್ನು ತಡೆಯುವುದಿಲ್ಲ. ಗಾಯ ತೊಳೆಯುವುದು, ಪಟ್ಟಿ ಬದಲಿಸುವುದು ತಪ್ಪಿದ್ದಲ್ಲ.

ಮನೆಮಂದಿಯ ಹೊಣೆ

ಒಬ್ಬಳೇ ಮನೆಯೊಡತಿ ಒಂದೇ ಹೊತ್ತಿನಲ್ಲಿ ಒಲೆ, ಕೊಟ್ಟಿಗೆ, ಮಕ್ಕಳು ಮೂರನ್ನೂ ನೋಡಬೇಕಾದ ಕಡೆ ಎಷ್ಟು ಬುದ್ಧಿವಾದ ಹೇಳಿದರೂ ಅವಸರ ತಪ್ಪುವುದಿಲ್ಲ. ಹೆಚ್ಚುವ ಕೆಲಸವನ್ನು ಗಂಡಸರೂ ಬೆಳೆದ ಮಕ್ಕಳೂ ಹಂಚಿಕೊಂಡರೆ ಅರ್ಧ ಗಾಯಗಳು ಅಲ್ಲಿಗೇ ನಿಲ್ಲುತ್ತವೆ. ರಾತ್ರಿಯ ಅಡುಗೆಗೆ ಬೇಕಾದ ತರಕಾರಿಯನ್ನು ಹಗಲು ಬೆಳಕಿರುವಾಗಲೇ ಹೆಚ್ಚಿಟ್ಟರೆ ಕರೆಂಟು ಹೋದ ಹೊತ್ತಿನಲ್ಲಿ ತಡಕಾಡುವುದು ತಪ್ಪುತ್ತದೆ. ಮದುವೆ, ಜಾತ್ರೆಯ ಅಡುಗೆಗೆ ಹತ್ತಾರು ಜನ ಒಟ್ಟಿಗೆ ಕುಳಿತಾಗ ಒಬ್ಬರಿಗೊಬ್ಬರು ಮೊಣಕೈ ತಾಗದಷ್ಟು ದೂರ ಕೂರಬೇಕು. ಮಾತಾಡುವವರ ಮುಖ ನೋಡಬೇಕೆನಿಸಿದರೆ ಮೊದಲು ಕೈ ನಿಲ್ಲಿಸಬೇಕು.

ಇವೆಲ್ಲಕ್ಕೂ ಆಗುವ ಖರ್ಚೆಂದರೆ ಒಂದು ಸಾಣೆಕಲ್ಲು, ಒಂದು ಹಲಗೆ, ಒಂದು ಬಿಸಾಡಿದ ಪೈಪಿನ ತುಂಡು. ಈ ಸಂಜೆ ಅಡುಗೆಗೆ ಕೂರುವ ಮುನ್ನ ಮನೆಯ ಈಳಿಗೆಯ ತಿರುಪು ಅಲುಗುತ್ತಿದೆಯೇ, ಚಾಕು ಮೊಂಡಾಗಿದೆಯೇ ಎಂದು ಒಮ್ಮೆ ನೋಡಿ. ನಾಟಿಯೋ ಕೊಯಿಲೋ ಬಂದಾಗ ಹತ್ತು ಬೆರಳೂ ಕೆಲಸಕ್ಕೆ ಸಿದ್ಧವಾಗಿರುತ್ತವೆ.